ಜಿಮ್‌ಗೆ ದುಡ್ಡಿಲ್ಲ, ಪಾರ್ಕಿಗೆ ಬೀಗ: ಬೆಂಗಳೂರಿನಲ್ಲಿ ಬಯಲಲ್ಲಿ ವ್ಯಾಯಾಮ ಮಾಡಲು ಜಾಗ ಎಲ್ಲಿದೆ?

ವಿಜಯನಗರದ ಹುಡುಗ
ಎಲ್ಲರಿಗೂ ನಮಸ್ಕಾರ. ನಾನು ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಒಂಬತ್ತಕ್ಕೆ ಶಟರ್ ಎತ್ತಿದರೆ ರಾತ್ರಿ ಒಂಬತ್ತಕ್ಕೆ ಇಳಿಸುವುದು. ವಯಸ್ಸು 29. ಮೊನ್ನೆ ರಕ್ತ ಪರೀಕ್ಷೆ ಮಾಡಿಸಿದೆ. ಸಕ್ಕರೆ ಇನ್ನೂ ಕಾಯಿಲೆ ಅನ್ನುವಷ್ಟು ಏರಿಲ್ಲ, ಆದರೆ ಗಡಿಯಲ್ಲಿದೆ, ಈಗಿನಿಂದಲೇ ಮೈ ದಂಡಿಸಬೇಕು ಎಂದು ಡಾಕ್ಟರ್ ಹೇಳಿದ್ದಾರೆ. ಅಪ್ಪನಿಗೂ ಶುಗರ್ ಇತ್ತು. ಕಾಲಿನ ಗಾಯ ವಾಸಿಯಾಗದೆ ಅವರು ಎಷ್ಟು ಒದ್ದಾಡಿದರು ಎಂದು ಕಣ್ಣಾರೆ ನೋಡಿದ್ದೇನೆ.

ಜಿಮ್ ವಿಚಾರಿಸಿದೆ. ತಿಂಗಳು ತಿಂಗಳು ಕಟ್ಟಿದರೆ ಜಾಸ್ತಿ, ವರ್ಷದ್ದು ಒಟ್ಟಿಗೆ ಕಟ್ಟಿದರೆ ಕಡಿಮೆ ಅನ್ನುತ್ತಾರೆ. ಒಟ್ಟಿಗೆ ಕಟ್ಟುವಷ್ಟು ನನ್ನ ಹತ್ತಿರ ಇಲ್ಲ. ಇರುವುದು ಎರಡನೇ ಮಹಡಿಯಲ್ಲಿ ಒಂದೇ ರೂಮು. ಸ್ವಲ್ಪ ಕುಣಿದರೂ ಕೆಳಗಿನಿಂದ ಓನರ್ ಕೂಗುತ್ತಾರೆ. ಮನೆ ಹತ್ತಿರ ಚೆನ್ನಾಗಿರುವ ಪಾರ್ಕ್ ಇದೆ. ಆದರೆ ಎಂಟು ಗಂಟೆಗೆಲ್ಲ ವಾಚ್‌ಮನ್ ಸೀಟಿ ಊದಿ ಗೇಟಿಗೆ ಬೀಗ ಹಾಕುತ್ತಾರೆ.

ನನಗೆ ಬೇಕಾಗಿರುವುದು ಇಷ್ಟೇ. ಓಡಲು ಸ್ವಲ್ಪ ಜಾಗ, ನೇತಾಡಲು ಒಂದು ಬಾರ್, ಕತ್ತಲಾದ ಮೇಲೆ ಬೆಳಕು. ದುಡ್ಡು ಕೊಡದೆ ಎಲ್ಲಿ ಸಿಗುತ್ತದೆ?

ಬ್ಯೂಗಲ್ ರಾಕ್ ತಾತ
ತಮ್ಮಾ, ರಾತ್ರಿ ಯಾಕೆ? ಬೆಳಿಗ್ಗೆ ಐದಕ್ಕೆ ಏಳು. ಒಂಬತ್ತರವರೆಗೆ ಸಮಯವೆಲ್ಲ ನಿನ್ನದೇ. ಲಾಲ್‌ಬಾಗ್‌ಗೆ ಬಾ. 240 ಎಕರೆ ಇದೆ, ಒಂದು ಪೈಸೆ ಕೊಡಬೇಕಾಗಿಲ್ಲ. ನಮ್ಮ ಗುಂಪಿನಲ್ಲಿ ಎಪ್ಪತ್ತು ದಾಟಿದವರೇ ಜಾಸ್ತಿ, ಎಲ್ಲರೂ ಬಂಡೆ ಹತ್ತಿ ಇಳಿಯುತ್ತೇವೆ.

ಕೋರಮಂಗಲ ಕಿರಣ
ಕಬ್ಬನ್ ಪಾರ್ಕ್. ಇನ್ನೇನು ಬೇಕು?

ಮೂರನೇ ಪಾಳಿ
ತಾತ, ಅವರು ಅಂಗಡಿ ಮುಚ್ಚುವುದೇ ರಾತ್ರಿ ಒಂಬತ್ತಕ್ಕೆ. ಮನೆಗೆ ಹೋಗಿ ಅಡುಗೆ ಮಾಡಿ ಉಂಡು ಮಲಗುವಾಗ ಹನ್ನೆರಡು ಆಗುತ್ತದೆ. ಐದಕ್ಕೆ ಎದ್ದರೆ ನಿದ್ದೆ ಎಷ್ಟು ಸಿಕ್ಕ ಹಾಗಾಯಿತು? ನಿದ್ದೆ ಕೆಟ್ಟರೂ ಸಕ್ಕರೆ ಏರುತ್ತದೆ. ಈ ಊರಿನಲ್ಲಿ ಎಲ್ಲ ಪಾರ್ಕುಗಳೂ ಪಿಂಚಣಿದಾರರ ಗಡಿಯಾರ ನೋಡಿಕೊಂಡೇ ಬಾಗಿಲು ತೆಗೆಯುತ್ತವೆ. ಹೋಟೆಲಿನವರು, ಸೆಕ್ಯುರಿಟಿಯವರು, ಡೆಲಿವರಿ ಹುಡುಗರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ನಮಗೆಲ್ಲ ಮೈ ಇಲ್ವಾ?

ಬ್ಯೂಗಲ್ ರಾಕ್ ತಾತ
ಮೈ ಇಲ್ಲ ಎಂದು ಯಾರು ಹೇಳಿದರು? ನಾನೂ ಮೂವತ್ತೈದು ವರ್ಷ ಪಾಳಿಯಲ್ಲೇ ದುಡಿದವನು. ಮೊದಲ ಪಾಳಿಗೆ ಹೋಗುವ ಮೊದಲೇ ನಡೆದು ಬರುತ್ತಿದ್ದೆ.

ವಿಜಯನಗರದ ಹುಡುಗ
ತಾತ, ಭಾನುವಾರ ಖಂಡಿತ ಬರುತ್ತೇನೆ, ಬಂಡೆ ತೋರಿಸಿ. ಕಿರಣ್ ಅವರೇ, ಕಬ್ಬನ್ ಪಾರ್ಕಿಗೆ ನಮ್ಮ ಕಡೆಯಿಂದ ನೇರಳೆ ಮಾರ್ಗದಲ್ಲಿ ನೇರ ಮೆಟ್ರೋ ಇದೆ, ನಿಜ. ಆದರೆ ಹೋಗಿ ಬರುವ ಟಿಕೆಟ್ ದಿನಾ ಸೇರಿದರೆ ಜಿಮ್ ದುಡ್ಡೇ ಆಗುತ್ತದೆ. ಅಲ್ಲಿ ಬಾರ್ ಇದೆಯಾ?

ಓಡುವ ಅಕ್ಕ
ನಾನು ಕಬ್ಬನ್ ಪಾರ್ಕಿನಲ್ಲಿ ಬಹಳ ಕಾಲದಿಂದ ಓಡುತ್ತಿದ್ದೇನೆ, ಗೊತ್ತಿರುವುದನ್ನು ಹೇಳುತ್ತೇನೆ. ಓಡುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಊರಿನೊಳಗೆ ಇಲ್ಲ. ಭಾನುವಾರ ಒಳಗಿನ ರಸ್ತೆಗಳಿಗೆ ವಾಹನ ಬಿಡುವುದಿಲ್ಲ. ಅವತ್ತು ಟಾರ್ ಮೇಲೆ ಆರಾಮಾಗಿ ಉದ್ದ ಓಟ ಓಡಬಹುದು. ಉಳಿದ ದಿನ ಮರಗಳ ನಡುವಿನ ಮಣ್ಣಿನ ದಾರಿ ಹಿಡಿಯಿರಿ. ಮಂಡಿಗೂ ಒಳ್ಳೆಯದು, ಹೊಗೆಯೂ ಕಡಿಮೆ. ಮಳೆ ಬಂದ ಮಾರನೇ ದಿನ ಮಾತ್ರ ಜೋಪಾನ, ಬೇರುಗಳ ಮೇಲೆ ಕಾಲು ಜಾರುತ್ತದೆ.

ಒಂದು ವಿಷಯ ನೆನಪಿಡಿ. ಭಾನುವಾರ ಮೆಟ್ರೋ ಶುರುವಾಗುವುದೇ ಏಳಕ್ಕೆ. ಅಷ್ಟರಲ್ಲಿ ಅರ್ಧ ಬೆಂಗಳೂರು ಅಲ್ಲಿ ಸೇರಿರುತ್ತದೆ. ಕಾರು ಇರುವವರು ಆರಕ್ಕೇ ಬಂದಿರುತ್ತಾರೆ, ಮೆಟ್ರೋ ನಂಬಿದವರು ಏಳೂವರೆಗೆ. ಇದನ್ನು ಯಾರೂ ಕೇಳುತ್ತಿಲ್ಲ.

ಬಾರ್ ಬೇಕೆಂದು ದಯವಿಟ್ಟು ಮರದ ಕೊಂಬೆಗೆ ನೇತಾಡಬೇಡಿ. ಹಳೆಯ ಮರಗಳು, ಯಾವ ಕೊಂಬೆ ಒಳಗೆ ಟೊಳ್ಳಾಗಿದೆ ಎಂದು ಗೊತ್ತಾಗುವುದಿಲ್ಲ.

ಜಯನಗರ ನಾಲ್ಕನೇ ಬ್ಲಾಕ್
ತಾತ ಹೇಳಿದ್ದಕ್ಕೆ ಒಂದು ತಿದ್ದುಪಡಿ. ಲಾಲ್‌ಬಾಗ್ ಇಡೀ ದಿನ ಉಚಿತ ಅಲ್ಲ. ಬೆಳಿಗ್ಗೆ ವಾಕಿಂಗ್ ಹೊತ್ತಿನಲ್ಲಿ ಬಿಡುತ್ತಾರೆ, ಆಮೇಲೆ ಟಿಕೆಟ್. ಸಂಜೆ ಬೇಗ ಮುಚ್ಚುತ್ತಾರೆ. ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಓಡುವುದಿರಲಿ, ನಿಲ್ಲಲೂ ಜಾಗ ಇರುವುದಿಲ್ಲ. ಒಂಬತ್ತು ಗಂಟೆಗೆ ಅಂಗಡಿ ಮುಚ್ಚುವವರಿಗೆ ಲಾಲ್‌ಬಾಗ್ ಉಪಯೋಗಕ್ಕೆ ಬರುವುದಿಲ್ಲ.

ಬ್ಯೂಗಲ್ ರಾಕ್ ತಾತ
ನಾನು ಬೆಳಿಗ್ಗೆಯ ಮಾತೇ ಹೇಳಿದ್ದು. ಹುಡುಗ ಭಾನುವಾರ ಬರುತ್ತೇನೆ ಎಂದಿದ್ದಾನೆ, ಬರಲಿ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಮೇಲೆ ಕೆಂಪೇಗೌಡರ ಗೋಪುರ ಇದೆ. ಹತ್ತುವುದು ಚಿಕ್ಕದೇ, ಆದರೆ ಏಳೆಂಟು ಸಲ ಹತ್ತಿ ಇಳಿದರೆ ತೊಡೆ ಮಾತಾಡುತ್ತದೆ. ಇಳಿಯುವಾಗ ಓಡಬಾರದು, ಇಷ್ಟು ಮಾತ್ರ ಕೇಳು.

ಇಂದಿರಾನಗರ ನಿವಾಸಿ
ಓಡುವವರಿಗೆ ಒಂದು ಮಾತು. ಸಣ್ಣ ಪಾರ್ಕಿನ ದಾರಿ ಎರಡು ಜನ ನಡೆಯುವಷ್ಟೇ ಅಗಲ ಇರುತ್ತದೆ. ಅಲ್ಲಿ ಹಿಂದಿನಿಂದ ಧಡಧಡ ಓಡಿ ಬಂದರೆ ವಯಸ್ಸಾದವರು ಹೆದರುತ್ತಾರೆ. ನಮ್ಮ ಅತ್ತೆ ಹೀಗೇ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಓಡಬೇಕಾದವರು ದೊಡ್ಡ ಜಾಗಕ್ಕೆ ಹೋಗಿ.

ಓಡುವ ಅಕ್ಕ
ನಿಮ್ಮ ಅತ್ತೆಯವರ ವಿಷಯ ಕೇಳಿ ತುಂಬಾ ಬೇಜಾರಾಯಿತು ಮೇಡಂ. ಆದರೆ 2024ರಲ್ಲಿ ನಿಮ್ಮ ಇಂದಿರಾನಗರದ ಪಾರ್ಕುಗಳಲ್ಲೇ ಜಾಗಿಂಗ್ ಮಾಡಬಾರದು, ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ನಡೆಯಬಾರದು, ಆಟ ಆಡಬಾರದು ಎಂದು ಬೋರ್ಡ್ ಹಾಕಿದ್ದರು. ಊರೆಲ್ಲ ಸುದ್ದಿ ಆಯಿತು. ಹಾಗೆ ಎಲ್ಲ ಕಡೆ ಹಾಕಿದರೆ ದೊಡ್ಡ ಜಾಗ ಹತ್ತಿರ ಇಲ್ಲದವರು ಎಲ್ಲಿಗೆ ಹೋಗಬೇಕು? ದಾರಿ ಚಿಕ್ಕದಾಗಿದ್ದರೆ ಹೊತ್ತು ಹಂಚಿಕೊಳ್ಳೋಣ. ಹಿರಿಯರು ಜಾಸ್ತಿ ಇರುವ ಹೊತ್ತಿನಲ್ಲಿ ಓಟ ಬೇಡ, ಉಳಿದ ಹೊತ್ತಿನಲ್ಲಿ ಓಡಲಿ. ಪೂರ್ತಿ ನಿಷೇಧ ಯಾಕೆ?

ಇಂದಿರಾನಗರ ನಿವಾಸಿ
ಹೊತ್ತು ಹಂಚಿಕೊಳ್ಳುವುದಕ್ಕೆ ನನ್ನ ವಿರೋಧ ಇಲ್ಲ. ಪಾಲಿಸುತ್ತಾರಾ ಅನ್ನುವುದೇ ಪ್ರಶ್ನೆ.

ಗಲ್ಲಿ ಕ್ರಿಕೆಟ್
ದೊಡ್ಡವರು ನಡೆಯುವುದು, ಓಡುವುದು ಎಂದು ಜಗಳ ಆಡುತ್ತಿದ್ದೀರಿ. ಮಕ್ಕಳ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಏರಿಯಾದಲ್ಲಿ ಇದ್ದ ಒಂದೇ ಮೈದಾನಕ್ಕೆ ಬಲೆ ಕಟ್ಟಿ, ಗಂಟೆಗಿಷ್ಟು ಎಂದು ಬಾಡಿಗೆಗೆ ಕೊಡುತ್ತಿದ್ದಾರೆ. ಮಕ್ಕಳು ಎರಡು ಬೈಕ್ ಮಧ್ಯೆ ವಿಕೆಟ್ ನಿಲ್ಲಿಸಿ ಆಡುತ್ತವೆ. ಸರ್ಕಾರಿ ಶಾಲೆಯ ಮೈದಾನಗಳು ಭಾನುವಾರ ಖಾಲಿ ಬಿದ್ದಿರುತ್ತವೆ, ಗೇಟಿಗೆ ಬೀಗ. ಅವನ್ನು ತೆಗೆದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಮೇಷ್ಟ್ರು
ಶಾಲೆಯಲ್ಲಿ ಕೆಲಸ ಮಾಡುವವನಾಗಿ ಹೇಳುತ್ತೇನೆ. ಭಾನುವಾರ ಗೇಟು ತೆಗೆದರೆ ಸೋಮವಾರ ಮಕ್ಕಳು ಮೊದಲು ಬಾಟಲಿ ಚೂರು ಆರಿಸಬೇಕು. ಕಾಯಲು ಒಬ್ಬರನ್ನು ಕೊಡಿ, ಸಂತೋಷವಾಗಿ ತೆಗೆಯುತ್ತೇವೆ.

ಹೆಬ್ಬಾಳದ ಸೌಮ್ಯ
ಬೆಳಕು ಎಂದು ಹುಡುಗ ಕೇಳಿದ್ದು ಸರಿಯಾಗಿದೆ. ನಮಗೆ ಅದು ಮೊದಲನೇ ವಿಷಯ. ಸಂಜೆ ಏಳಾದ ಮೇಲೆ ಕೆರೆ ಏರಿ ಮೇಲೆ ಒಬ್ಬಳೇ ನಡೆಯಲು ನನಗೆ ಧೈರ್ಯ ಬರುವುದಿಲ್ಲ. ದೀಪದ ಕಂಬ ಇದ್ದರೂ ಒಂದು ಉರಿದರೆ ಎರಡು ಉರಿಯುವುದಿಲ್ಲ. ಶೌಚಾಲಯ ಇದ್ದರೂ ಬೀಗ. ಬೆಳಿಗ್ಗೆ ಬಂದರೆ ಮನೆಗೆಲಸ ಯಾರು ಮಾಡಬೇಕು? ಮಕ್ಕಳ ಡಬ್ಬಿ ಕಟ್ಟಿ, ಶಾಲೆ ಬಸ್ ಹತ್ತಿಸಿ ಹತ್ತು ಗಂಟೆಗೆ ಬಿಡುವಾಗುತ್ತದೆ. ಆ ಹೊತ್ತಿಗೆ ಪಾರ್ಕ್ ಮುಚ್ಚಿರುತ್ತದೆ.

ನಮ್ಮ ಬೀದಿಯ ಹೆಂಗಸರು ಐದಾರು ಜನ ಸೇರಿ ಹೋಗಲು ಶುರು ಮಾಡಿದ ಮೇಲೆ ಎಲ್ಲ ಬದಲಾಯಿತು. ಅಮ್ಮ ಸೀರೆ ಉಟ್ಟುಕೊಂಡೇ ಬರುತ್ತಾರೆ, ಓಪನ್ ಜಿಮ್‌ನಲ್ಲಿ ಕೈ ಚಕ್ರ ತಿರುಗಿಸುತ್ತಾರೆ. ಭುಜ ಹಿಡಿದುಕೊಂಡಿತ್ತು, ಈಗ ತಲೆ ಬಾಚಲು ನನ್ನನ್ನು ಕರೆಯುವುದಿಲ್ಲ.

ಮೂರನೇ ಪಾಳಿ
ಸೌಮ್ಯ ಅಕ್ಕ, ಹಗಲು ಹತ್ತರಿಂದ ನಾಲ್ಕರವರೆಗೆ ಪಾರ್ಕ್ ಮುಚ್ಚುವುದು ಯಾಕೆ ಎಂದು ನನಗೂ ಅರ್ಥವಾಗಿಲ್ಲ. ನೆರಳು ಬೇಕಾಗಿರುವುದೇ ಆಗ, ಅಲ್ವಾ?

ವಾರ್ಡ್ ಸಭೆ
ನಿಯಮ ಏನಿದೆ ಎಂದು ಹೇಳುತ್ತೇನೆ, ಎಲ್ಲರಿಗೂ ಉಪಯೋಗ ಆಗಬಹುದು.

ಪಾರ್ಕುಗಳನ್ನು ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ತೆರೆದಿಡಬೇಕು ಎಂದು 2024ರಲ್ಲೇ ಘೋಷಣೆ ಆಗಿದೆ. ಆಗ ಇಡೀ ಊರಿಗೆ ಒಂದೇ ಪಾಲಿಕೆ, ಬಿಬಿಎಂಪಿ, ಇತ್ತು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ಐದು ಪಾಲಿಕೆಗಳಾದವು. ನಿಮ್ಮ ವಾರ್ಡು ಐದರಲ್ಲಿ ಯಾವುದಕ್ಕೆ ಸೇರಿದೆ ಎಂದು ನೋಡಿಕೊಂಡು ಅಲ್ಲಿನ ತೋಟಗಾರಿಕೆ ವಿಭಾಗಕ್ಕೆ ಬರೆಯಿರಿ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಪಾಲಿಕೆಯವಲ್ಲ, ರಾಜ್ಯ ತೋಟಗಾರಿಕೆ ಇಲಾಖೆಯವು. ತುರಹಳ್ಳಿ ಕಾಡು ಅರಣ್ಯ ಇಲಾಖೆಯದು. ತಪ್ಪು ಬಾಗಿಲು ತಟ್ಟಿದರೆ ಅರ್ಜಿ ಮೇಜಿನಿಂದ ಮೇಜಿಗೆ ತಿರುಗುತ್ತಲೇ ಇರುತ್ತದೆ.

ಇನ್ನೊಂದು. ಪಾರ್ಕು, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲು ಕರ್ನಾಟಕದಲ್ಲಿ 1985ರ ಕಾಯ್ದೆಯೇ ಇದೆ. ಮೈದಾನ ಬಾಡಿಗೆಗೆ ಹೋಗಿದೆ ಎಂದ ಗಲ್ಲಿ ಕ್ರಿಕೆಟ್ ಅವರು ಆ ಕಾಯ್ದೆಯ ಹೆಸರು ಹಾಕಿಯೇ ದೂರು ಕೊಡಲಿ.

ವಿಜಯನಗರದ ಹುಡುಗ
ಹತ್ತರವರೆಗೆ ಎಂದು ಘೋಷಣೆ ಆಗಿದೆಯಾ? ಹಾಗಾದರೆ ನಮ್ಮ ಪಾರ್ಕಿಗೆ ಎಂಟಕ್ಕೇ ಯಾಕೆ ಬೀಗ? ವಾಚ್‌ಮನ್‌ರನ್ನು ಕೇಳಿದರೆ "ನನಗೆ ಹೇಳಿರುವುದು ಎಂಟು" ಅನ್ನುತ್ತಾರೆ. ಅವರ ಮೇಲೆ ಸಿಟ್ಟು ಬರುವುದಿಲ್ಲ. ಅವರೂ ಬೆಳಿಗ್ಗೆ ಐದರಿಂದ ಒಬ್ಬರೇ ಇರುತ್ತಾರೆ.

ವಾರ್ಡ್ ಸಭೆ
ಅಲ್ಲೇ ಇರುವುದು ವಿಷಯ. ಹೊತ್ತು ಹೆಚ್ಚಿಸಿದರು, ಆಳು ಹೆಚ್ಚಿಸಲಿಲ್ಲ. ಒಬ್ಬರೇ ಹದಿನೇಳು ಗಂಟೆ ಕಾಯಲು ಆಗುತ್ತದಾ? ಅರ್ಜಿಯಲ್ಲಿ ಎರಡನೇ ಪಾಳಿಗೆ ಒಬ್ಬ ಕಾವಲುಗಾರ ಬೇಕು ಎಂದು ಬರೆಯಿರಿ. ಬರೀ "ಗೇಟು ತೆಗೆಯಿರಿ" ಎಂದರೆ ಕೆಲಸ ಆಗುವುದಿಲ್ಲ.

ಪಾರ್ಕ್ ಎದುರಿನ ಮನೆ
ಕ್ಷಮಿಸಿ, ನಾನು ಒಪ್ಪುವುದಿಲ್ಲ. ನಮ್ಮ ಮನೆ ಪಾರ್ಕಿನ ಎದುರೇ. ಹಿಂದೆ ರಾತ್ರಿ ತೆರೆದಿಡುತ್ತಿದ್ದಾಗ ಹನ್ನೊಂದರವರೆಗೆ ಕುಡಿತ, ಸಿಗರೇಟು, ಕೂಗಾಟ. ಬೆಳಿಗ್ಗೆ ಮಕ್ಕಳು ಜಾರುಬಂಡೆ ಹತ್ತಿರ ಹೋದರೆ ಬಾಟಲಿ. ನಿವಾಸಿಗಳೇ ಸೇರಿ ಎಂಟಕ್ಕೆ ಮುಚ್ಚಿಸಿದ್ದು. ನಿಮ್ಮ ವ್ಯಾಯಾಮಕ್ಕೆ ನಮ್ಮ ನಿದ್ದೆ ಯಾಕೆ ಬಲಿ?

ಮೂರನೇ ಪಾಳಿ
ಕುಡಿಯುವವರನ್ನು ಹಿಡಿಯಲು ಪೊಲೀಸ್ ಇದ್ದಾರೆ. ಓಡುವವನನ್ನು ಹೊರಗೆ ಹಾಕಿ ಕುಡಿಯುವವನನ್ನು ತಡೆದೆವು ಎನ್ನುವುದು ಯಾವ ನ್ಯಾಯ? ಜನ ಓಡಾಡುತ್ತಿರುವ ಕಡೆ ಕುಡಿಯಲು ಕೂರುವುದಿಲ್ಲ, ಕತ್ತಲು ಮೂಲೆ ಹುಡುಕುತ್ತಾರೆ. ಬೆಳಕು ಹಾಕಿ, ಹತ್ತು ಜನ ವ್ಯಾಯಾಮ ಮಾಡಲಿ, ಅವರೇ ಜಾಗ ಖಾಲಿ ಮಾಡುತ್ತಾರೆ.

ಪಾರ್ಕ್ ಎದುರಿನ ಮನೆ
ಹೇಳುವುದು ಸುಲಭ. ಪೊಲೀಸರಿಗೆ ಫೋನ್ ಮಾಡಿ ಬೆಳಗಿನ ಜಾವದವರೆಗೆ ಕಾದವರು ನಾವು. ಕಾವಲುಗಾರ ಇದ್ದು, ಹತ್ತಕ್ಕೆ ಸರಿಯಾಗಿ ಮುಚ್ಚುತ್ತಾರೆ ಎಂದರೆ ನೋಡೋಣ. ಧ್ವನಿವರ್ಧಕ, ಗುಂಪು ಡ್ಯಾನ್ಸ್ ಮಾತ್ರ ಬೇಡವೇ ಬೇಡ.

ಹಕ್ಕಿ ನೋಡುವವ
ರಾತ್ರಿ ಬೆಳಕಿನ ವಿಷಯ ಬಂದಿದ್ದರಿಂದ ಬರೆಯುತ್ತಿದ್ದೇನೆ. ಬಡಾವಣೆ ಪಾರ್ಕಿಗೆ ದೀಪ ಹಾಕಿ, ತೊಂದರೆ ಇಲ್ಲ. ಕೆರೆಗಳಿಗೆ ಮಾತ್ರ ಬೇಡ. ಜಕ್ಕೂರು, ಕೈಕೊಂಡ್ರಹಳ್ಳಿ, ಪುಟ್ಟೇನಹಳ್ಳಿ ಕೆರೆಗಳನ್ನು ಸುತ್ತಲಿನ ಜನ ವರ್ಷಗಟ್ಟಲೆ ಬೆವರು ಸುರಿಸಿ ಉಳಿಸಿಕೊಂಡಿದ್ದಾರೆ. ಅಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ ರಾತ್ರಿ ಕತ್ತಲೇ ಬೇಕು. ಬ್ಯೂಗಲ್ ರಾಕ್ ಮರಗಳಲ್ಲಿ ನೇತಾಡುವ ಬಾವಲಿಗಳನ್ನು ತಾತ ದಿನಾ ನೋಡುತ್ತಿರಬೇಕು. ಅವಕ್ಕೂ ಇದೇ ಮಾತು.

ತುರಹಳ್ಳಿಗೂ ಕತ್ತಲಾದ ಮೇಲೆ ಯಾರೂ ಹೋಗಬೇಡಿ. ಚಿರತೆ ಓಡಾಡುವ ಕಾಡು ಅದು. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡುತ್ತೇವೆ ಎಂದಾಗ ಅಷ್ಟು ಜನ ಬೀದಿಗಿಳಿದು ಬೇಡ ಎಂದರಲ್ಲ, ಯಾಕೆ? ಕಾಡು ಕಾಡಾಗಿಯೇ ಇರಲಿ ಎಂದು. ಬೆಳಕಿರುವಾಗ ಸೈಕಲ್ ತುಳಿಯಿರಿ, ಬಂಡೆ ಹತ್ತಿ, ಸಂತೋಷ. ಓಪನ್ ಜಿಮ್, ಇಂಟರ್‌ಲಾಕ್ ಕಲ್ಲು, ಬಣ್ಣದ ದೀಪ ಇವು ಕಾಡಿಗೆ ಬೇಡ.

ಬ್ಯೂಗಲ್ ರಾಕ್ ತಾತ
ಬಾವಲಿಗಳು ಇವೆ, ಇವೆ. ಸಂಜೆ ಒಟ್ಟಿಗೆ ಎದ್ದು ಹೊರಟರೆ ನೋಡಬೇಕು.

ಪೀಣ್ಯ ವೆಲ್ಡರ್
ಓಪನ್ ಜಿಮ್ ಮಾತು ಬಂತು. ನನ್ನದು ಪೀಣ್ಯದಲ್ಲಿ ಸಣ್ಣ ಫ್ಯಾಬ್ರಿಕೇಶನ್ ಶೆಡ್. ಪಾರ್ಕುಗಳ ಉಪಕರಣ ರಿಪೇರಿಗೆ ನಮ್ಮ ಕಡೆ ಬರುತ್ತವೆ. ಹಾಗಾಗಿ ಯಾವುದು ಯಾಕೆ ಕೆಡುತ್ತದೆ ಎಂದು ಗೊತ್ತು.

ಗಾಳಿಯಲ್ಲಿ ಕಾಲು ಬೀಸುವ ಏರ್ ವಾಕರ್, ಸೊಂಟ ತಿರುಗಿಸುವ ತಟ್ಟೆ, ಕೈ ಚಕ್ರ, ಇವೆಲ್ಲ ಬೇರಿಂಗ್ ಮೇಲೆ ಓಡುವಂಥವು. ಮಳೆ ನೀರು ಒಳಗೆ ಹೋಗುತ್ತದೆ, ಗ್ರೀಸ್ ಹಾಕುವವರಿಲ್ಲ. ಮೊದಲು ಕಿರ್ ಅನ್ನುತ್ತದೆ, ಆಮೇಲೆ ಹಿಡಿಯುತ್ತದೆ, ಆಮೇಲೆ ಯಾರೋ ಜೋರಾಗಿ ಒದ್ದು ವೆಲ್ಡ್ ಬಿಡಿಸುತ್ತಾರೆ. ಮಕ್ಕಳು ಮೂರು ಮೂರು ಜನ ಹತ್ತಿ ತೂಗಾಡುವುದೂ ಇದೆ. ವರ್ಷಕ್ಕೆ ನಾಲ್ಕು ಸಲ ಗ್ರೀಸ್ ಹಾಕಿ ಬೋಲ್ಟ್ ಬಿಗಿ ಮಾಡಿದರೆ ಬಹಳ ಕಾಲ ಬಾಳುತ್ತವೆ. ಟೆಂಡರ್‌ನಲ್ಲಿ ಹಾಕುವುದಕ್ಕೆ ದುಡ್ಡು ಇರುತ್ತದೆ, ನೋಡಿಕೊಳ್ಳುವುದಕ್ಕೆ ಇರುವುದಿಲ್ಲ.

ಬಾರ್ ಹಾಗಲ್ಲ. ಎರಡು ಕಂಬ, ಒಂದು ಅಡ್ಡ ಪೈಪು, ಬುಡಕ್ಕೆ ಕಾಂಕ್ರೀಟ್. ತಿರುಗುವ ಭಾಗ ಒಂದೂ ಇಲ್ಲ, ಕೆಡುವುದಕ್ಕೆ ಏನೂ ಇಲ್ಲ. ಒಂದು ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ತಗೊಂಡರೆ ಹೊರಗಿನ ಅಳತೆ ಸುಮಾರು 34 ಮಿಲಿಮೀಟರ್ ಬರುತ್ತದೆ. ಕೈ ಹಿಡಿತಕ್ಕೆ ಸರಿಯಾಗಿ ಕೂರುತ್ತದೆ. ದಪ್ಪ ಗೋಡೆಯ ಪೈಪೇ ಹಾಕಬೇಕು, ಇಲ್ಲದಿದ್ದರೆ ಮಧ್ಯೆ ಬಗ್ಗುತ್ತದೆ. ಎತ್ತರದಲ್ಲಿ ಒಂದು, ಎದೆಮಟ್ಟದಲ್ಲಿ ಒಂದು, ಪಕ್ಕದಲ್ಲಿ ಡಬಲ್ ಬಾರ್. ನಮ್ಮ ಕಾಲದ ಶಾಲೆಗಳಲ್ಲಿ ಇದ್ದದ್ದು ಇದೇ. ಪಾರ್ಕಿಗೆ ಏನು ಬೇಕು ಎಂದು ಯಾರಾದರೂ ಕೇಳಿದರೆ ಬಾರ್ ಕೇಳಿ.

ಕೋರಮಂಗಲ ಕಿರಣ
ಇದು ಈ ಚರ್ಚೆಯ ಅತ್ಯಂತ ಉಪಯೋಗದ ಉತ್ತರ. ಏರ್ ವಾಕರ್ ಮೇಲೆ ಅರ್ಧ ಗಂಟೆ ನಿಂತರೂ ಕಾಲಿಗೆ ಬಲ ಬರುವುದಿಲ್ಲ. ಕಾಲಿಗೆ ಎದುರು ತಡೆಯೇ ಇಲ್ಲ, ಸುಮ್ನೆ ಬೀಸುತ್ತದೆ.

ಹೆಬ್ಬಾಳದ ಸೌಮ್ಯ
ನಿಮಗೆ ಬಲ ಬೇಕು, ಅಮ್ಮನಿಗೆ ಕೀಲು ಆಡಿದರೆ ಸಾಕು. ವಯಸ್ಸಾದವರಿಗೆ ಆ ಚಕ್ರವೇ ದೊಡ್ಡ ಉಪಕಾರ. ಎರಡೂ ಇರಲಿ.

ಪೀಣ್ಯ ವೆಲ್ಡರ್
ಅಕ್ಕ ಹೇಳುವುದು ಸರಿ. ಚಕ್ರ ಇರಲಿ, ಗ್ರೀಸ್ ಹಾಕುವವರೂ ಇರಲಿ.

ಪೇಟೆ ಹುಡುಗ
ಬಾರ್, ಬೇರಿಂಗ್ ಎಲ್ಲ ಬಿಡಿ. ನಮ್ಮ ಪೇಟೆಗಳಲ್ಲಿ ಗರಡಿ ಮನೆಗಳು ಇದ್ದವು, ಕೆಲವು ಇವತ್ತಿಗೂ ಇವೆ. ನಮ್ಮ ತಾತ ಅಲ್ಲೇ ಸಾಮು ಮಾಡಿ ಬೆಳೆದವರು. ಕೆಮ್ಮಣ್ಣಿನ ಅಂಕಣ, ಗೋಡೆಗೆ ಒರಗಿಸಿದ ಗದೆ, ಒಂದು ಕಲ್ಲು ಗುಂಡು. ದಂಡ ಹೊಡೆಯುವುದು, ಬಸ್ಕಿ ಹೊಡೆಯುವುದು, ಮುಗಿಯಿತು. ಉಸ್ತಾದರಿಗೆ ಹಬ್ಬದಲ್ಲಿ ತಾಂಬೂಲ ಕೊಡುತ್ತಿದ್ದರು, ಅದೇ ಫೀಸು. ಕರಗದ ಹಬ್ಬದಲ್ಲಿ ಕತ್ತಿ ಹಿಡಿದು ಕರಗದ ಜೊತೆ ಸಾಗುವ ವೀರಕುಮಾರರಿಗೂ ಗರಡಿಗೂ ಇರುವ ನಂಟು ಪೇಟೆಯವರಿಗೆ ಗೊತ್ತು. ಗರಡಿ ಬಯಲಲ್ಲ, ಗೊತ್ತು. ಆದರೆ ಬಡವರ ಮಕ್ಕಳು ಮೈ ಕಟ್ಟಿದ್ದು ಅಲ್ಲೇ. ಅಂಥ ಜಾಗವನ್ನು ಪಾಲಿಕೆಯೇ ನಿಂತು ಉಳಿಸಬೇಕು.

ಮೈಸೂರು ಮಲ್ಲಿಗೆ
ಗರಡಿ ಅಂದರೆ ಮೈಸೂರಿಗೆ ಬನ್ನಿ. ದಸರಾ ಕುಸ್ತಿಗೆ ಹುಡುಗರು ತಯಾರಾಗುವುದನ್ನು ನೋಡಬೇಕು. ಬಯಲು ವ್ಯಾಯಾಮಕ್ಕೆ ಚಾಮುಂಡಿ ಬೆಟ್ಟದ ಮೆಟ್ಟಿಲು ಇದೆ, ಸಾವಿರಕ್ಕೂ ಮೇಲೆ. ದೊಡ್ಡ ನಂದಿ ಹತ್ತಿರ ನಿಂತು ಉಸಿರು ತಗೊಂಡು ಮತ್ತೆ ಹತ್ತುವುದು. ಕುಕ್ಕರಹಳ್ಳಿ ಕೆರೆ ಸುತ್ತು ಇನ್ನೊಂದು.

ಧಾರವಾಡ ಪೇಢಾ
ನಮ್ಮ ಕಡೆಯದೂ ಸೇರಿಸಿ ರೀ. ಹುಬ್ಬಳ್ಳಿಯಲ್ಲಿ ನೃಪತುಂಗ ಬೆಟ್ಟ ಇದೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಮರಗಳ ನಡುವೆ ಮುಂಜಾನೆ ನಡೆದರೆ ಬೇರೆ ಔಷಧಿ ಬೇಡ.

ಜಯನಗರ ನಾಲ್ಕನೇ ಬ್ಲಾಕ್
ಎಲ್ಲ ಊರೂ ಚೆಂದ, ಒಪ್ಪಿದೆ. ಹುಡುಗ ಕೇಳಿದ್ದು ವಿಜಯನಗರದ ಹತ್ತಿರ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ ಯಾಕೆ ಯಾರೂ ಹೇಳಲಿಲ್ಲ? ಸಾವಿರ ಎಕರೆಗೂ ಜಾಸ್ತಿ ಇದೆ, ಮೆಟ್ರೋ ನಿಲ್ದಾಣವೂ ಇದೆ.

ಕ್ಯಾಂಪಸ್ ಹಳೇ ವಿದ್ಯಾರ್ಥಿ
ಜ್ಞಾನಭಾರತಿ ಬೆಳಿಗ್ಗೆಗೆ ಬಹಳ ಚೆನ್ನಾಗಿದೆ. ಆದರೆ ಅದು ವಿಶ್ವವಿದ್ಯಾಲಯ, ಪಾರ್ಕ್ ಅಲ್ಲ. ಹಾಸ್ಟೆಲ್ ಇದೆ, ಸೆಕ್ಯುರಿಟಿ ಕೇಳಿದರೆ ಉತ್ತರ ಕೊಡಬೇಕು. ಒಳಗಿನ ರಸ್ತೆಯಲ್ಲಿ ಹೊರಗಿನ ವಾಹನಗಳೂ ಜೋರಾಗಿ ಹೋಗುತ್ತವೆ. ಕತ್ತಲಲ್ಲಿ ಹೋಗಬೇಡಿ ತಮ್ಮಾ. ಭಾನುವಾರ ಬೆಳಿಗ್ಗೆ ಹೋಗಿ ನೋಡಿ.

ಲಂಡನ್ ಕನ್ನಡಿಗ
ಇಲ್ಲಿನ ಒಂದು ಪದ್ಧತಿ ಹೇಳುತ್ತೇನೆ, ನಮ್ಮಲ್ಲೂ ಆಗಬೇಕು ಎಂಬ ಆಸೆ. ಪಾರ್ಕ್‌ರನ್ ಎಂದು ಕರೆಯುತ್ತಾರೆ. ಪ್ರತಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಪಾರ್ಕಿನಲ್ಲಿ ಐದು ಕಿಲೋಮೀಟರ್. ದುಡ್ಡಿಲ್ಲ. ಓಡಿ, ನಡೆಯಿರಿ, ಮಗುವಿನ ಗಾಡಿ ತಳ್ಳಿಕೊಂಡು ಬನ್ನಿ, ಯಾರೂ ಏನೂ ಅನ್ನುವುದಿಲ್ಲ. 2004ರಲ್ಲಿ ಇಲ್ಲಿನ ಬುಷಿ ಪಾರ್ಕ್‌ನಲ್ಲಿ 13 ಜನರಿಂದ ಶುರುವಾದದ್ದು, ಈಗ ಎಷ್ಟೋ ದೇಶಗಳಲ್ಲಿ ನಡೆಯುತ್ತದೆ. ಎಲ್ಲರಿಗಿಂತ ಕೊನೆಗೆ ನಡೆಯಲೆಂದೇ ಒಬ್ಬ ಸ್ವಯಂಸೇವಕ ಇರುತ್ತಾರೆ. ಹಾಗಾಗಿ ಬಂದವರು ಯಾರೂ ಕೊನೆಯವರಾಗುವುದಿಲ್ಲ. ಈ ಒಂದು ಏರ್ಪಾಟು ನನಗೆ ಬಹಳ ಹಿಡಿಸಿತು. ದೇಶ ಬಿಟ್ಟು ಬಂದ ಹೊಸದರಲ್ಲಿ ಮಾತಾಡಲು ಜನ ಸಿಕ್ಕಿದ್ದು ನನಗೆ ಅಲ್ಲೇ.

ಓಡುವ ಅಕ್ಕ
ಶನಿವಾರ ಒಂಬತ್ತಕ್ಕೆ ಇಲ್ಲಿ ಅಂಗಡಿ ತೆಗೆದಿರಬೇಕು! ಆದರೆ ಕೊನೆಗೆ ನಡೆಯುವವರ ಏರ್ಪಾಟು ನನಗೂ ಇಷ್ಟವಾಯಿತು. ನಮ್ಮ ಗುಂಪಿನಲ್ಲಿ ಹೇಳುತ್ತೇನೆ. ಹೊಸಬರು ಎರಡು ವಾರ ಬಂದು, ಹಿಂದೆ ಬಿದ್ದು, ಬೇಜಾರಾಗಿ ಬಿಡುತ್ತಾರೆ.

ಫಿಸಿಯೋ
ಮೂಲ ಪ್ರಶ್ನೆಗೆ ಬರುತ್ತೇನೆ. ಸಕ್ಕರೆ ಗಡಿಯಲ್ಲಿರುವವರಿಗೆ ಜಾಗ ಸಿಗುವವರೆಗೆ ಕಾಯುವುದು ಬೇಡ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾದ ನಡಿಗೆಯಂಥ ಕೆಲಸ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಎರಡನೆಯದನ್ನು ಜನ ಮರೆಯುತ್ತಾರೆ. ತಿಂದ ಸಕ್ಕರೆಯನ್ನು ಹೀರಿಕೊಳ್ಳುವುದು ಹೆಚ್ಚಾಗಿ ಸ್ನಾಯುಗಳೇ. ಹಾಗಾಗಿ ಬಾರ್ ಬೇಕು ಎಂದು ಕೇಳಿದ್ದು ತುಂಬಾ ಸರಿ.

ರಾತ್ರಿ ಊಟ ಆದ ತಕ್ಷಣ ಮಲಗಬೇಡಿ. ಹದಿನೈದು ನಿಮಿಷ ನಡೆಯಿರಿ, ಊಟದ ನಂತರ ಏರುವ ಸಕ್ಕರೆ ಅದರಿಂದ ಇಳಿಯುತ್ತದೆ. ದೊಡ್ಡ ರಸ್ತೆ ಬಿಟ್ಟು ಒಳಗಿನ ಅಡ್ಡರಸ್ತೆ ಹಿಡಿಯಿರಿ, ಹೊಗೆ ಕಡಿಮೆ. ನಿಮ್ಮದು ಎರಡನೇ ಮಹಡಿ ಎಂದಿರಿ. ಮೆಟ್ಟಿಲು ಹತ್ತಿ ಇಳಿಯುವುದು ಸದ್ದಿಲ್ಲದ ವ್ಯಾಯಾಮ, ಓನರ್ ಕೂಗುವುದಿಲ್ಲ. ಗೋಡೆಗೆ ಕೈಯಿಟ್ಟು ದಂಡ, ಪೇಟೆ ಹುಡುಗ ಹೇಳಿದ ಬಸ್ಕಿ, ಇವಕ್ಕೂ ಜಾಗ ಬೇಡ. ತಲೆ ಸುತ್ತು, ಎದೆ ಬಿಗಿತ ಬಂದರೆ ನಿಲ್ಲಿಸಿ, ಡಾಕ್ಟರ್ ಹತ್ತಿರ ಹೋಗಿ.

ಮೂರನೇ ಪಾಳಿ
ಮನೆಯಲ್ಲೇ ಮಾಡಿ ಎಂದರೆ ಪಾಲಿಕೆಯವರಿಗೆ ಬಹಳ ಖುಷಿ ಆಗುತ್ತದೆ. ಗೇಟು ತೆಗೆಸುವುದನ್ನು ಬಿಡಬಾರದು.

ಫಿಸಿಯೋ
ಬಿಡಿ ಎಂದು ನಾನು ಹೇಳಲಿಲ್ಲ. ಅರ್ಜಿ ಓಡಾಡುವಷ್ಟು ದಿನ ಮೈ ಸುಮ್ನೆ ಇರಬಾರದು.

ವಿಜಯನಗರದ ಹುಡುಗ
ನಿನ್ನೆ ರಾತ್ರಿ ಊಟ ಆದ ಮೇಲೆ ನಡೆದೆ. ಇಂದು ಬೆಳಿಗ್ಗೆ ವಾಚ್‌ಮನ್ ಜೊತೆ, ಪಾರ್ಕ್ ಎದುರಿನ ಎರಡು ಮನೆಯವರ ಜೊತೆ ಮಾತಾಡಿದೆ. ಒಬ್ಬರು ಬೇಡವೇ ಬೇಡ ಎಂದರು. ಇನ್ನೊಬ್ಬರ ಮಗ ಕಾಲೇಜು ಹುಡುಗ, ಅವನಿಗೂ ಬಾರ್ ಬೇಕಂತೆ, ಸಹಿ ಹಾಕುತ್ತೇನೆ ಎಂದ. ಪಾರ್ಕಿನ ಒಂದು ಮೂಲೆಯಲ್ಲಿ ಹಳೆಯ ಉಯ್ಯಾಲೆಯ ಕಂಬಗಳಿವೆ, ಉಯ್ಯಾಲೆ ಇಲ್ಲ. ಅದಕ್ಕೇ ಅಡ್ಡ ಪೈಪು ಹಾಕಿದರೆ ನಡೆಯುತ್ತದಾ ವೆಲ್ಡರ್ ಅಣ್ಣ? ಇನ್ನೊಂದು ಪ್ರಶ್ನೆ. ನನಗೆ ಒಂದು ಪುಲ್‌ಅಪ್ ಕೂಡ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಕೋರಮಂಗಲ ಕಿರಣ
ಮೊದಲು ಬರೀ ನೇತಾಡಿ. ಕೈ ಹಿಡಿತ ಬರಲಿ. ಆಮೇಲೆ ಮೇಲಿನಿಂದ ನಿಧಾನವಾಗಿ ಇಳಿಯುವುದು. ಸ್ಟೂಲ್ ಮೇಲೆ ನಿಂತು ಗದ್ದ ಬಾರ್‌ಗಿಂತ ಮೇಲಿಟ್ಟು, ಎಷ್ಟು ನಿಧಾನ ಆಗುತ್ತದೋ ಅಷ್ಟು ನಿಧಾನ ಇಳಿಯಿರಿ. ಎದೆಮಟ್ಟದ ಬಾರ್ ಇದ್ದರೆ ಕೆಳಗೆ ಓರೆಯಾಗಿ ಮಲಗಿ ಎಳೆಯಿರಿ. ಇಳಿಯುವುದು ಗಟ್ಟಿಯಾದರೆ ಏರುವುದು ತಾನಾಗೇ ಬರುತ್ತದೆ.

ಪೀಣ್ಯ ವೆಲ್ಡರ್
ಉಯ್ಯಾಲೆ ಕಂಬ ಎಂದರೆ ಬುಡ ನೋಡದೆ ಹೇಳಲಾಗುವುದಿಲ್ಲ. ಮಣ್ಣು ಮುಟ್ಟುವ ಕಡೆ ಒಳಗೆ ತುಕ್ಕು ತಿಂದಿರುತ್ತದೆ. ಮೇಲೆ ಬಣ್ಣ ಚೆನ್ನಾಗಿಯೇ ಕಾಣುತ್ತದೆ. ಸುತ್ತಿಗೆಯಲ್ಲಿ ತಟ್ಟಿ ನೋಡಬೇಕು. ಪಾರ್ಕಿನ ಹೆಸರು ಮೆಸೇಜ್ ಮಾಡಿ, ಬಿಡುವಾದಾಗ ಟೇಪು, ಸುತ್ತಿಗೆ ತಗೊಂಡು ಬರುತ್ತೇನೆ. ಪಾಲಿಕೆಯವರು ಅನುಮತಿ ಕೊಟ್ಟರೆ ಪೈಪು ನನ್ನದು, ಕೂಲಿ ಬೇಡ.

ವಾರ್ಡ್ ಸಭೆ
ಅನುಮತಿ ಕಾಗದದಲ್ಲೇ ಬರಲಿ. ಬಾಯಿಮಾತಿನಲ್ಲಿ ಹಾಕಿದರೆ ನಾಳೆ ಯಾರೋ ಬಿದ್ದಾಗ ಜವಾಬ್ದಾರಿ ನಿಮ್ಮ ತಲೆಗೆ ಬರುತ್ತದೆ. ಅರ್ಜಿಯಲ್ಲಿ ಮೂರೇ ಬೇಡಿಕೆ ಇಡಿ: ಹತ್ತರವರೆಗೆ ಗೇಟು, ಎರಡನೇ ಪಾಳಿಗೆ ಕಾವಲುಗಾರ, ಒಂದು ಬಾರ್. ಎದುರಿನ ಮನೆಯವರ ಸಹಿ ಎಷ್ಟು ಸಿಗುತ್ತದೋ ಅಷ್ಟು ಹಾಕಿಸಿ, ಅದಕ್ಕೇ ತೂಕ ಜಾಸ್ತಿ. ಬೇಡ ಎಂದವರ ಹತ್ತಿರ ಇನ್ನೊಮ್ಮೆ ಹೋಗಿ, ಧ್ವನಿವರ್ಧಕ ಇರುವುದಿಲ್ಲ ಎಂದು ಬರೆದು ಕೊಡಿ.

ಪಾರ್ಕ್ ಎದುರಿನ ಮನೆ
ಹಾಗೆ ಬರೆದು ಕೊಟ್ಟು, ಕಾವಲುಗಾರನನ್ನೂ ಹಾಕಿದರೆ ನಮ್ಮ ಬೀದಿಯಲ್ಲೂ ನಾನೇ ಮೊದಲು ಸಹಿ ಹಾಕುತ್ತೇನೆ. ಅರ್ಜಿಯ ನಮೂನೆ ಇಲ್ಲಿ ಹಾಕಿ.

ವಾರ್ಡ್ ಸಭೆ
ಇವತ್ತು ರಾತ್ರಿ ಬರೆದು ಹಾಕುತ್ತೇನೆ.